ಗಾದೆಮ್ಮನ ಒರಳು

ಕೆಂಚನಗುಡ್ಡದಲ್ಲಿ ಗಾದೆಮ್ಮನ ಬಾಯಿಗೆ ಹೆದರದವರೇ ಇರಲಿಲ್ಲ. ಭತ್ತದ ನಾಟಿಗೆ ಇಳಿದಳೆಂದರೆ ಎಲ್ಲರಿಗಿಂತ ಮುಂದೆ. ಜಗಳಕ್ಕೆ ಇಳಿದಳೆಂದರೂ ಅಷ್ಟೇ. ಗಂಡ ಸತ್ತ ಮೇಲೆ ದೊಡ್ಡಬಸಪ್ಪಗೌಡರ ಗದ್ದೆಯಂಚಿನಲ್ಲಿ ತಾನೇ ಮಣ್ಣು ತುಳಿದು ಗೋಡೆ ಎಬ್ಬಿಸಿ, ಅಲ್ಲೇ ಮಗಳನ್ನು ಸಾಕಿ ಮದುವೆ ಮಾಡಿಕೊಟ್ಟವಳು. ಆದರೆ ನೆಲ ಮಾತ್ರ ಗೌಡರದು.

ಎಪ್ಪತ್ತರ ದಶಕದಲ್ಲಿ ಭೂಸುಧಾರಣೆಯ ಹೊಸ ಕಾನೂನು ಬಂತು. ಪರರ ನೆಲದಲ್ಲಿ ಮನೆ ಕಟ್ಟಿಕೊಂಡು ವಾಸವಾಗಿರುವ ಕೂಲಿಯವರಿಗೆ ಮನೆಯೂ ಅದರಡಿಯ ನೆಲವೂ ಸ್ವಂತವಂತೆ! ಗಾದೆಮ್ಮ ಸಿರುಗುಪ್ಪಕ್ಕೆ ನಡೆದೇ ಹೋಗಿ ಅರ್ಜಿಗೆ ಹೆಬ್ಬೆಟ್ಟು ಒತ್ತಿ ಬಂದಳು. ಗೌಡರಿಗೆ ಮೈಯೆಲ್ಲ ಉರಿಯಿತು. ಅಲ್ಲಿ ಅಕ್ಕಿ ಗಿರಣಿ ಹಾಕಲು ಅವರು ಪರವಾನಗಿಗೆ ಓಡಾಡುತ್ತಿದ್ದರು. ಹೊಗೆ, ಬೂದಿ ಹಾರುವ ಜಾಗದಲ್ಲಿ ವಾಸದ ಮನೆಯಿದ್ದರೆ ಪರವಾನಗಿ ಸಿಗುವುದಿಲ್ಲವೆಂದು ಯಾರೋ ಕಿವಿ ಊದಿದ್ದರು.

ಆ ಅರ್ಜಿಯ ವಿಚಾರಣೆಗೆ ಅಧಿಕಾರಿ ಜಾಗ ನೋಡಲು ಬರುವ ದಿನ ಗಾದೆಮ್ಮ ಕುರುಗೋಡಿನ ಮಗಳ ಮನೆಯಿಂದ ಹಿಂದಿರುಗಿದಳು. ನೋಡಿದರೆ, ಅಯ್ಯೋ ಶಿವನೇ! ಒಲೆ ಒಡೆದಿದೆ, ಮಡಕೆ ಕುಡಿಕೆ ಬೀದಿಯಲ್ಲಿವೆ, ಒಳಗೆ ಗೌಡರ ಎತ್ತುಗಳು ಮೇವು ತಿನ್ನುತ್ತಿವೆ. ಇಷ್ಟೂ ಮಾಡಿದವನು ಗೌಡರ ಆಳು ಹುಲುಗಪ್ಪ. ಅವನು ಮುಖ ತಿರುಗಿಸಿ ನಿಂತಿದ್ದ. ಗಾದೆಮ್ಮ ಕಣ್ಣೊರೆಸಿಕೊಂಡ ಸೆರಗನ್ನೇ ಸೊಂಟಕ್ಕೆ ಸಿಕ್ಕಿಸಿದಳು.

ಅಧಿಕಾರಿ ಜೀಪಿನಿಂದ ಇಳಿದರು.

"ನೋಡ್ರಿ ಸಾಹೇಬ್ರ, ಇದು ನಮ್ಮ ದನದ ಕೊಟ್ಟಿಗಿ. ಮಳಿ ಬಂದ್ರ ಈಕಿ ಒಳಗ ಬಂದು ಕುಂದರ್ತಿದ್ಲು, ಅಷ್ಟ," ಎಂದರು ಗೌಡರು.

ಗಾದೆಮ್ಮ ಎತ್ತಿನ ಕಾಲಡಿಗೇ ನುಗ್ಗಿ ಸಗಣಿ, ಹುಲ್ಲು ಎರಡೂ ಕೈಯಿಂದ ಬಾಚಿ ಎಸೆದಳು. ಅಡಿಯಲ್ಲಿ ನೆಲಕ್ಕೆ ಹೂತ ಒರಳು!

"ಕೈ ಹಾಕಿ ನೋಡ್ರಿ ಸಾಹೇಬ್ರ, ಎಷ್ಟು ಸವದೈತಿ! ಗೌಡ್ರ ಎತ್ತು ಖಾರ ಕುಟ್ಟಿಗೊಂಡು ತಿಂತಾವೇನು, ಕೇಳ್ರಿ!"

"ಹಳೇ ಕಲ್ಲು, ಮೊದಲಿಂದ ಅಲ್ಲೇ ಬಿದ್ದೈತಿ," ಎಂದು ಗೌಡರು ಗೊಣಗಿದರು.

ಅಧಿಕಾರಿ ಬಗ್ಗಿ ಒರಳೊಳಗೆ ಕೈಯಾಡಿಸಿ, ಹುಲುಗಪ್ಪನ ಕಡೆ ತಿರುಗಿದರು. "ಕೊಟ್ಟಿಗೆಯಲ್ಲಿ ಎತ್ತು ಎಡವುವುದಿಲ್ಲವೇನಪ್ಪ? ಇದನ್ನೇಕೆ ಕೀಳಲಿಲ್ಲ?"

ಸಂಸಾರ ನಡೆದ ಮನೆಯ ಒರಳನ್ನು ಆ ಕಡೆ ಪರರು ಕೀಳುವುದಿಲ್ಲ. ಕಿತ್ತವರ ವಂಶ ಉಳಿಯದೆಂಬ ಭಯ. ಒಲೆ ಒಡೆದ ಹುಲುಗಪ್ಪನಿಗೂ ಒರಳಿನ ಬಗ್ಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಬ್ಯಾರೇರ ಮನಿ ಒರಳು ಹೆಂಗ ಕೀಳಾಕ ಬರ್ತೈತ್ರಿ?" ಎಂದುಬಿಟ್ಟ.

ಗೌಡರ ಮುಖ ಕಪ್ಪಿಟ್ಟಿತು. ಅಧಿಕಾರಿ ನಗು ತಡೆದುಕೊಂಡು 'ವಾಸದ ಮನೆ' ಎಂದು ಬರೆದುಕೊಂಡರು.

ಜೀಪು ಹೋದ ಮೇಲೆ ಗೌಡರ ದನಿ ಮೆತ್ತಗಾಯಿತು. "ಏ ಗಾದೆಮ್ಮಾ, ಊರೊಳಗ ಬ್ಯಾರೆ ಜಾಗ ಕೊಡ್ತೀನಿ. ಇದನ್ನ ಬಿಡು."

"ಮೊದಲು ನಿಮ್ಮ ಎತ್ತು ಬಿಚ್ಚಿಗೊಂಡು ಹೋಗ್ರಿ ಗೌಡ್ರ. ನನ್ನ ಮನ್ಯಾಗ ನಾ ಅಡಿಗಿ ಮಾಡಬೇಕು."

ಗೌಡರು ಆಳಿಗಾಗಿ ಸುತ್ತ ನೋಡಿದರು. ಹುಲುಗಪ್ಪ ಆಗಲೇ ಒಳಗೆ ಕುಕ್ಕರಗಾಲಲ್ಲಿ ಕೂತು ಗಾದೆಮ್ಮನ ಒಲೆಗೆ ಕಲ್ಲು ಹೊಂದಿಸುತ್ತಿದ್ದ. ಹಗ್ಗವನ್ನು ಗೌಡರೇ ಬಿಚ್ಚಿದರು.