ಚಿಕ್ಕವ್ವನ ಸ್ಕ್ಯಾನರ್

ನಾನು ರಾಮನಗರದ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ವರ್ಷದ ವಹಿವಾಟು ಸರಕು ಮಾರುವವರಿಗೆ ನಲವತ್ತು ಲಕ್ಷ, ಹೋಟೆಲಿನಂಥ ಸೇವೆಯವರಿಗೆ ಇಪ್ಪತ್ತು ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ವರಮಾನ ತೆರಿಗೆಯ ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗೆ ಏನೂ ಕಟ್ಟಬೇಕಿಲ್ಲ, ಸಂಬಳದವರಿಗೆ ಅದರ ಮೇಲೆ ಎಪ್ಪತ್ತೈದು ಸಾವಿರದ ಕಡಿತ ಬೇರೆ. ಇವನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನೆಂಟರಲ್ಲಿ ನನಗೆ ಆಡಿಟರ್ ಎಂಬ ಬಿರುದೂ ಇದೆ. ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಏನಾದರೊಂದು ಕೇಳುತ್ತಾರೆ, ನಾನು ಪಾಯಸ ಆರುವವರೆಗೂ ವಿವರಿಸುತ್ತೇನೆ. ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿರಲಿಲ್ಲ. ಆ ಜಂಬ ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಅವ್ವನ ತಂಗಿ, ನನ್ನ ಚಿಕ್ಕವ್ವ, ಕೆಂಗಲ್ ಆಂಜನೇಯನ ಗುಡಿಯ ಹತ್ತಿರ ಒಂದು ಸಣ್ಣ ಹೋಟೆಲ್ ನಡೆಸುತ್ತಾಳೆ. ಇಡ್ಲಿ, ಚಿತ್ರಾನ್ನ, ಕಾಫಿ. ಹೊಸ ಹೆದ್ದಾರಿ ಬಂದ ಮೇಲೆ ಮೈಸೂರಿನ ಕಡೆಯ ಕಾರುಗಳು ಹಳೇ ರಸ್ತೆಗೆ ಬರುವುದು ಕಡಿಮೆಯಾಗಿ, ಶನಿವಾರದ ಭಕ್ತರೇ ಅವಳಿಗೆ ಆಧಾರವಾದರು. ಚಿಲ್ಲರೆಗಾಗಿ ಗಿರಾಕಿಗಳ ಜೊತೆ ಅವಳು ಪಡುವ ಪಾಡು ನೋಡಲಾರದೆ ಸ್ಕ್ಯಾನರ್ ಹಾಕಿಸಿಕೊಟ್ಟವಳು ನಾನು. ದುಡ್ಡು ಬಂದಾಗ ಕೂಗಿ ಹೇಳುವ ಡಬ್ಬಿಯನ್ನೂ ಗಲ್ಲಾದ ಪಕ್ಕದಲ್ಲಿ ಇಟ್ಟುಕೊಟ್ಟೆ. ಚಿಕ್ಕವ್ವ ಅದಕ್ಕೂ ಒಂದು ಚೂರು ಅರಿಶಿನ ಕುಂಕುಮ ಹಚ್ಚಿದಳು.

ಹೋಟೆಲಿನ ಎದುರು ಹೂವಿನವಳು ಕೂರುತ್ತಾಳೆ. ತುಳಸಿ ಹಾರ, ವೀಳ್ಯದೆಲೆ ಹಾರ, ಮೊಳದ ಮಲ್ಲಿಗೆ ಅವಳ ವ್ಯಾಪಾರ. ಅವಳ ಬಳಿ ಇದ್ದದ್ದು ಬಟನ್ ಫೋನು. ಬ್ಯಾಂಕಿನಲ್ಲಿ ಖಾತೆಯಿತ್ತು, ಆದರೆ ಸರ್ಕಾರದ ಗೃಹಲಕ್ಷ್ಮಿ ದುಡ್ಡು ಬೀಳುವ ಆ ಖಾತೆಗೆ ಬೇರೆ ಕಾಸು ಬಂದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂಬ ಅಂಜಿಕೆ. ಹಾಗಾಗಿ ಕೈಯಲ್ಲಿ ನೋಟಿಲ್ಲದ ಭಕ್ತರಿಗೆಲ್ಲ "ಓಟ್ಲಲ್ಲಿ ಹಾಕ್ಬುಡಿ ಸ್ವಾಮಿ" ಎನ್ನುತ್ತಿದ್ದಳು. ಡಬ್ಬಿ ಕೂಗುತ್ತಿತ್ತು, ಚಿಕ್ಕವ್ವ ಗಲ್ಲಾದಿಂದ ಅಷ್ಟನ್ನು ತೆಗೆದು ಅವಳಿಗೆ ಕೊಡುತ್ತಿದ್ದಳು. ಆಮೇಲೆ ಎಳನೀರಿನವನು ಸೇರಿಕೊಂಡ, ಚಪ್ಪಲಿ ಕಾಯುವವನೂ ಸೇರಿಕೊಂಡ. ಬೇಳೆ ಸಕ್ಕರೆ ಕೈಬದಲು ಕೊಡುವ ಹಾಗೆ ಚಿಕ್ಕವ್ವ ತನ್ನ ಸ್ಕ್ಯಾನರನ್ನು ಇಡೀ ಸಾಲಿಗೆ ಕೊಟ್ಟಿದ್ದಳು.

ಇದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿ ಸಂತೋಷಪಟ್ಟಿದ್ದೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ವರ್ಣಿಸಿದ್ದೂ ಉಂಟು. ಅದೇ ದಿನ ತರಗತಿಯಲ್ಲಿ ಒಟ್ಟು ವಹಿವಾಟು ಎಂದರೇನು ಅಂತ ಬೋರ್ಡಿನ ಮೇಲೆ ಬರೆದವಳಿಗೆ, ಬೇರೆಯವರ ಕಾಸೆಲ್ಲ ಚಿಕ್ಕವ್ವನ ಹೆಸರಿನಲ್ಲಿ ಕೂಡುತ್ತಿದೆ ಎಂಬುದು ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ಚಿಕ್ಕವ್ವ ಫೋನ್ ಮಾಡಿದಳು. "ಒಸಿ ಬಂದೋಗವ್ವ. ಟ್ಯಾಕ್ಸ್ ಆಫೀಸಿಂದ ನೋಟೀಸು ಬಂದೈತೆ. ನಾನೇನೋ ಕದ್ದಿರೋ ಹಂಗೆ ಬರ್ದವ್ರೆ ಅಂತ ಎಳನೀರಿನೋನು ಓದಿ ಯೋಳ್ದ."

ಖಾತೆಗೆ ಬಂದ ಮೊತ್ತ ಸತತ ಎರಡು ವರ್ಷ ಇಪ್ಪತ್ತು ಲಕ್ಷ ದಾಟಿದೆ, ನೋಂದಣಿ ಯಾಕೆ ಮಾಡಿಸಿಲ್ಲ, ವಿವರಣೆ ಕೊಡಿ ಎಂದು ಅದರಲ್ಲಿತ್ತು. ಚನ್ನಪಟ್ಟಣದ ನಿಜವಾದ ಆಡಿಟರ್ ಒಬ್ಬರ ಬಳಿ ಕರೆದುಕೊಂಡು ಹೋದೆ. ಅವರು ಲೆಕ್ಕ ನೋಡಿ, "ನಗದು ಸೇರಿಸಿದರೂ ಹೋಟೆಲಿನ ಸ್ವಂತ ವ್ಯಾಪಾರ ಮಿತಿಯ ಒಳಗೇ ಇದೆ. ಮಿಕ್ಕಿದ್ದು ನಮ್ಮದು ಅಂತ ಅವರವರಿಂದ ಬರೆಸಿಕೊಂಡು ಬನ್ನಿ, ಉಳೀಬಹುದು. ಇಲ್ಲದಿದ್ದರೆ ಒಟ್ಟು ಮೊತ್ತಕ್ಕೆ ಐದು ಪರ್ಸೆಂಟು, ಅದರ ಮೇಲೆ ಬಡ್ಡಿ, ದಂಡ" ಎಂದರು. ಅಷ್ಟನ್ನು ಕಟ್ಟಬೇಕಾಗಿ ಬಂದರೆ ಹೋಟೆಲ್ ಉಳಿಯುವುದೇ ಅನುಮಾನವಾಗಿತ್ತು.

ಎಳನೀರಿನವನು ನಾನು ಪೆನ್ನು ತೆಗೆಯುವ ಮೊದಲೇ ಕೈ ಚಾಚಿದ. ತೆಂಗು ಅವನ ಸ್ವಂತ ತೋಟದ್ದು, ಅವನಿಗೆ ಯಾವ ಭಯವೂ ಇರಲಿಲ್ಲ. ಚಪ್ಪಲಿಯವನೂ ಬರೆದುಕೊಟ್ಟ. ಅವರ ಪಾಲು ಸಣ್ಣದು. ದೊಡ್ಡದು ಹೂವಿನವಳದು. ಅವಳು ನಾನು ಬರೆದುಕೊಂಡು ಹೋದ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಇಷ್ಟೊಂದು ದುಡ್ಡು ನಂಗೆ ಬಂದೈತೆ ಅಂತ ಬರ್ದಿದ್ದೀರಲ್ಲ ಮೇಡಮ್ಮೋರೆ. ಇದ ನೋಡಿ ನನ್ ರೇಷನ್ ಕಾರ್ಡ್ ಕಿತ್ಕಂಡ್ರೆ? ನಮ್ಮೆಜಮಾನ್ರ ಡಯಾಲಿಸಿಸ್ ನಡೀತಿರೋದೇ ಆ ಕಾರ್ಡ್ ಮ್ಯಾಲೆ."

"ವಹಿವಾಟು ಬೇರೆ, ಆದಾಯ ಬೇರೆ ಕಣಮ್ಮ. ನೂರು ರೂಪಾಯಿ ಹೂ ಮಾರಿದರೆ ನಿಮಗೆ ಉಳಿಯೋದು ಇಪ್ಪತ್ತೋ ಮೂವತ್ತೋ. ಅಷ್ಟೇ ನಿಮ್ಮ ಆದಾಯ. ಬಿಡಿ ಹೂವಿಗೆ ಜಿಎಸ್‌ಟಿನೂ ಇಲ್ಲ. ನಿಮಗೇನೂ ಆಗಲ್ಲ."

ಹೇಳಿದ್ದರಲ್ಲಿ ಕೊನೆಯ ಮಾತು ಬಿಟ್ಟು ಉಳಿದದ್ದೆಲ್ಲ ನಿಜ. ಮಾತಾಡುತ್ತಿರುವಾಗಲೇ ನನ್ನ ತಲೆ ಅವಳ ಲಾಭವನ್ನು ಕೂಡಿ ನೋಡಿತ್ತು. ಬಿಪಿಎಲ್ ಕಾರ್ಡಿಗೆ ಇರುವ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರದ ಮಿತಿಯ ಅಂಚಿಗೇ ಅದು ಬಂದು ನಿಲ್ಲುತ್ತಿತ್ತು. ಆ ಕಾಗದ ಯಾರ ಮೇಜಿಗೆ ಹೋಗುತ್ತದೆ, ಅವರು ಹೇಗೆ ಓದುತ್ತಾರೆ, ನನಗೆ ಗೊತ್ತಿರಲಿಲ್ಲ. ಆದರೂ ಪಾಠ ಮಾಡುವ ದನಿಯಲ್ಲೇ ಹೇಳಿದೆ. ಆ ದನಿಯನ್ನು ನಂಬಿ ಅವಳು ಸೈನ್ ಹಾಕಿದಳು. ತನ್ನ ಹೆಸರನ್ನು ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಬರೆದಳು.

ಅಂದು ಸಂಜೆ ಹೋಟೆಲಿನ ಬೆಂಚಿನ ಮೇಲೆ ಕಾಗದಗಳನ್ನು ಜೋಡಿಸುತ್ತಿದ್ದೆ. ಚಿಕ್ಕವ್ವ ಇಡ್ಲಿ ತಟ್ಟೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು.

"ಅವಳ್ ಕಾರ್ಡ್‌ಗೆ ಏನೂ ಆಗಕ್ಕಿಲ್ಲ ಅಂತ ನಿಂಗೆ ಗೊತ್ತೈತಾ?"

"ಆಗಲ್ಲ ಅನ್ಸುತ್ತೆ ಚಿಕ್ಕವ್ವ."

"ಅನ್ಸಾದ್ ಬ್ಯಾಡ. ಗೊತ್ತೈತಾ?"

ಚಿಕ್ಕವ್ವ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಮುಂದೆ ಆ ದನಿ ಹೊರಡಲಿಲ್ಲ. "ಗೊತ್ತಿಲ್ಲ" ಎಂದೆ.

"ಹಂಗಾರೆ ಅವಳ್ ಕಾಗ್ದ ಕೊಡಬ್ಯಾಡ. ಹೂವಿನ ದುಡ್ಡೂ ಓಟ್ಲುದೇ ಅಂತ ಬರ್ಕೊ."

"ಅವಳದು ಸೇರಿದರೆ ಇಪ್ಪತ್ತು ದಾಟ್ತದೆ. ಪೂರ್ತಿಗೆ ಕಟ್ಟಬೇಕಾಗ್ತದೆ ಚಿಕ್ಕವ್ವ."

"ಕಟ್ಟಾನ. ನಂಗೆ ಕೈಕಾಲು ಐತೆ. ಅವಳ್ ಗಂಡಂಗೆ ವಾರ ವಾರ ರಕ್ತ ತೊಳೀಬೇಕು. ಆ ಕಾರ್ಡ್ ಹೋದ್ರೆ ನೀನ್ ಕೊಡಿಸ್ತೀಯಾ? ಅವಳಿಗೂ ಏನೂ ಯೋಳ್ಬ್ಯಾಡ. ಯೋಳುದ್ರೆ ನಾಳಿಂದ ನನ್ ಮಖ ನೋಡಕ್ಕಿಲ್ಲ ಅವಳು."

ಆಗ ನಾನು ಜಗಳ ಆಡಬೇಕಿತ್ತು. ನಾಲ್ಕು ದಿನ ಓಡಾಡಿ, ಆಹಾರ ಇಲಾಖೆಯಲ್ಲಿ ವಿಚಾರಿಸಿ, ನಿಜ ಏನೆಂದು ತಿಳಿದುಕೊಂಡು ಬರುತ್ತೇನೆ, ಅಲ್ಲಿಯವರೆಗೆ ತಡೆ ಎನ್ನಬೇಕಿತ್ತು. ನಾನು ಅದನ್ನೇನೂ ಮಾಡಲಿಲ್ಲ. ಯಾಕೆಂದರೆ ಚಿಕ್ಕವ್ವ ಹಾಗೆಂದ ಕೂಡಲೇ ನನಗೆ ಒಳಗೊಳಗೇ ಹಗುರವಾಯಿತು. ನನ್ನ ಸುಳ್ಳು ಇನ್ನು ಯಾರಿಗೂ ತೊಂದರೆ ಮಾಡುವುದಿಲ್ಲ ಎಂಬ ಸಮಾಧಾನ. ಆ ಸಮಾಧಾನಕ್ಕೆ ದುಡ್ಡು ಕೊಡುತ್ತಿದ್ದವಳು ಎದುರಿಗೇ ಕೂತಿದ್ದಳು. ಇದನ್ನು ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ, ಬೇರೆ ಮಾತಿಲ್ಲ.

ಹೂವಿನ ದುಡ್ಡೂ ಹೋಟೆಲಿನದೇ ಎಂದು ನನ್ನ ಕೈಯಾರೆ ಬರೆದೆ. ತೆರಿಗೆಯೇ ಇಲ್ಲದ ಮಲ್ಲಿಗೆ, ತುಳಸಿಗಳು ಚಿಕ್ಕವ್ವನ ಲೆಕ್ಕದಲ್ಲಿ ಇಡ್ಲಿ ಚಿತ್ರಾನ್ನವಾಗಿ ಐದು ಪರ್ಸೆಂಟಿಗೆ ಸೇರಿದವು. ಕಂತಿನಲ್ಲಿ ಕಟ್ಟಲು ಅವಕಾಶ ಸಿಕ್ಕಿತು. ಮಧ್ಯಾಹ್ನ ಬಾಗಿಲು ಹಾಕುತ್ತಿದ್ದ ಚಿಕ್ಕವ್ವ ಈಗ ಸಂಜೆಗೆ ಬೋಂಡ ಹಾಕುತ್ತಾಳೆ. ಮಂಡಿ ನೋವು, ನಿಂತರೆ ಕೂರಲಾಗದು, ಕೂತರೆ ಏಳಲಾಗದು. ಬಲವಂತ ಮಾಡಿದ್ದಕ್ಕೆ ನನ್ನಿಂದ ಒಂದು ಕಂತು ಇಸಿದುಕೊಂಡಳು. ಮುಂದಿನದಕ್ಕೆ ಹೋದಾಗ, "ಸಾಕು, ನಿನ್ ಸಂಸಾರ ನೋಡ್ಕೊ" ಎಂದು ಒಳಗೆ ಎದ್ದುಹೋದಳು.

ಕಳೆದ ಶನಿವಾರ ಹೋಗಿದ್ದೆ. ಹೂವಿನವಳು ಈಗ ನಗದು ಮಾತ್ರ ತೆಗೆದುಕೊಳ್ಳುತ್ತಾಳೆ, ಎಷ್ಟೋ ಭಕ್ತರು ಹಾರ ಮುಟ್ಟಿ ನೋಡಿ ಹಾಗೇ ಮುಂದೆ ಹೋಗುತ್ತಾರೆ. ಆದರೂ ನನ್ನನ್ನು ಕಂಡು ಎದ್ದು ಹೋಟೆಲಿನ ಒಳಕ್ಕೇ ಬಂದಳು.

"ಅವತ್ತು ಸೈನ್ ಹಾಕಕ್ಕೆ ಅಂಜ್ಕಂಡಿದ್ದೆ ಮೇಡಮ್ಮೋರೆ. ಹಾಕಿದ್ದು ಒಳ್ಳೇದಾಯ್ತು, ಅಲ್ವಾ? ಇಲ್ದಿದ್ರೆ ಪಾಪ ಅಕ್ಕ ಎಷ್ಟು ಕಟ್ಟಬೇಕಿತ್ತೋ."

ಬಾಣಲೆಯ ಮುಂದೆ ನಿಂತಿದ್ದ ಚಿಕ್ಕವ್ವ ತಿರುಗಿ ನನ್ನನ್ನು ನೋಡಿದಳು.

"ಹೌದಮ್ಮ," ಎಂದೆ. "ನೀವು ಬರೆದುಕೊಟ್ಟಿದ್ದಕ್ಕೇ ಉಳೀತು."

ಅವಳ ಮುಖ ಅರಳಿತು. "ನೋಡಕ್ಕ," ಅಂದಳು ಚಿಕ್ಕವ್ವನಿಗೆ, "ನಿನ್ ಕಷ್ಟಕ್ಕೆ ನಾನೂ ಒಂದಿನ ಆದೆ."

"ಆದೆ ಕಣವ್ವ," ಎಂದು ಚಿಕ್ಕವ್ವ ಎಣ್ಣೆಯಿಂದ ತೆಗೆದ ಎರಡು ಬೋಂಡವನ್ನು ಪೇಪರಿನಲ್ಲಿ ಸುತ್ತಿ ಅವಳ ಕೈಗಿಟ್ಟಳು. "ಬಿಸಿ ಐತೆ, ನಿಮ್ಮೆಜಮಾನ್ರಿಗೂ ತಗೊಂಡೋಗು."