ತೂಕ ಇಳಿದ ಲಾಟು

ತೂಕದ ಮಾತೆಂದರೆ ತನುಜಳಿಗೆ ಮೊದಲಿನಿಂದಲೂ ಸಿಟ್ಟು. ವಾರವೆಲ್ಲ ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದು ಭಾನುವಾರ ಗೌರಿಬಿದನೂರಿನ ಮನೆಗೆ ಬಂದರೆ ಸಾಕು, ತಾಯಿ ಲಕ್ಷ್ಮಿದೇವಮ್ಮ ಬಾಗಿಲಲ್ಲೇ ನಿಲ್ಲಿಸಿಕೊಂಡು, "ಇಳಿದೋಗಿದ್ದೀಯ ಕಣೇ, ನಮ್ ಹುಡುಗೀನೇ ಅಲ್ಲ ಅನ್ನಿಸ್ತೈತೆ" ಎಂದು ರಾಗ ಎಳೆಯುತ್ತಿದ್ದರು. ಮಗಳು ಮೈ ತುಂಬಿಕೊಂಡು ಬಂದ ವಾರವೂ ಇದೇ ಮಾತು.

ಇನ್ನು ಅವಳ ಉದ್ಯೋಗ. ಚಿಕ್ಕಬಳ್ಳಾಪುರದಲ್ಲೇ ಇದ್ದ ರಮೇಶ್‌ಬಾಬು ಅವರ ಪುಟ್ಟ ಕಂಪ್ಯೂಟರ್ ಕಚೇರಿಯಲ್ಲಿ ಮದುವೆ ಪತ್ರಿಕೆ ಟೈಪ್ ಮಾಡಿ ಬೇಸತ್ತಿದ್ದ ಅವಳಿಗೆ 2006ರಲ್ಲಿ ಸ್ವಂತವಾಗಿ ಒಂದು ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತು, ಶಿಡ್ಲಘಟ್ಟದ ರೇಷ್ಮೆಗೂಡಿನ ಮಂಡಿಯೊಂದಕ್ಕೆ. ಮಂಡಿಯಲ್ಲಿ ಒಂದು ವಾರದ ಪರೀಕ್ಷೆಯಲ್ಲಿ ಅದು ಸರಿಯಾಗಿ ಓಡಿದರೆ ಇನ್ನು ಮೇಲೆ ಪ್ರೋಗ್ರಾಂ ಕೆಲಸವೇ ಅವಳದು. ಕೆಟ್ಟರೆ ಮತ್ತೆ 'ತಮ್ಮ ಸುಖಾಗಮನಾಭಿಲಾಷಿಗಳು'.

ಒಂದೇ ಬಗೆಯ ಸಾಲುಗಳನ್ನು ಮತ್ತೆ ಮತ್ತೆ ಬರೆಯುವುದೆಂದರೆ ಅವಳಿಗಾಗದು. ಅದಕ್ಕೆಂದೇ ಆ ಸಾಲುಗಳನ್ನು, ಅಂದರೆ ಕೋಡನ್ನು, ತಾನೇ ಬರೆದುಕೊಡುವ ಸಾಫ್ಟ್‌ವೇರ್ ಸಾಧನವೊಂದನ್ನು ಹಿಡಿದಿದ್ದಳು. ಲಾಟಿಗೆ, ಅಂದರೆ ಒಬ್ಬ ರೈತ ಒಮ್ಮೆಗೆ ತಂದ ಗೂಡಿನ ರಾಶಿಗೆ, ನಂಬರು, ತಾರೀಖು, ರೈತನ ಹೆಸರು, ತೂಕ ಇರುತ್ತದೆ ಎಂದು ಹೇಳಿದರೆ ಉಳಿದದ್ದನ್ನೆಲ್ಲ ಅದೇ ಗೀಚಿಕೊಡುತ್ತಿತ್ತು. ಎರಡು ಲಾಟುಗಳು ಒಂದೇ ಹೌದೋ ಅಲ್ಲವೋ ಎಂದು ನೋಡುವ ಕೋಡು ಕೂಡ ಅದರದೇ.

ಪರೀಕ್ಷೆಯ ಮೊದಲ ದಿನ ಮಂಡಿಯಲ್ಲಿ ರೈತ ಆವುಲಪ್ಪ ಗೂಡು ತಂದು ಸುರಿದರು. ಬೆಳಗ್ಗೆಯೇ ತೂಗಿ ಕಂಪ್ಯೂಟರಿಗೆ ಹಾಕಿದ್ದಾಯಿತು. ಹರಾಜಾಗುವ ಹೊತ್ತಿಗೆ ಬಿಸಿಲಿಗೆ ಗೂಡು ಒಣಗಿ ತೂಕ ಸ್ವಲ್ಪ ಇಳಿದಿತ್ತು. ಮಂಡಿಯಲ್ಲಿ ಇದು ನಿತ್ಯದ ಸಂಗತಿ. ತನುಜ ಹೊಸ ತೂಕ ಹಾಕಿ, ಮಾರಾಟದ ಗುಂಡಿ ಒತ್ತಿದಳು. ಅಂಥ ಲಾಟೇ ಇಲ್ಲ ಎಂದಿತು ಕಂಪ್ಯೂಟರು. ಅದೇ ಪರದೆಯ ಮೇಲೆ ಆವುಲಪ್ಪನವರ ಹೆಸರು ಢಾಳಾಗಿ ಕೂತಿತ್ತು.

"ಕಣ್ಮುಂದೆ ಐತೆ, ಇಲ್ಲ ಅಂತೈತಲ್ಲಮ್ಮ ಇದು" ಎಂದರು ಆವುಲಪ್ಪ. ಪಕ್ಕದಲ್ಲೇ ನಿಂತಿದ್ದ ರಮೇಶ್‌ಬಾಬು ಗಂಟಲು ಸರಿಮಾಡಿಕೊಂಡರು. ತನುಜಳ ಕಣ್ಣ ಮುಂದೆ ಮದುವೆ ಪತ್ರಿಕೆಗಳು ಸಾಲುಗಟ್ಟಿ ಬಂದವು.

ಕೋಡು ತೆರೆದು ನೋಡಿದಾಗ ಗುಟ್ಟು ರಟ್ಟಾಯಿತು. ಸಾಧನ ಬರೆದ ಕೋಡು ಲಾಟಿನ ವಿವರಗಳನ್ನೆಲ್ಲ, ತೂಕವನ್ನೂ ಬಿಡದೆ, ಕಲಸಿ ಒಂದು ಸಂಖ್ಯೆ ಮಾಡುತ್ತಿತ್ತು. ಅದಕ್ಕೆ ಹ್ಯಾಶ್ ಎಂದು ಹೆಸರು. ಲಾಟನ್ನು ಯಾವ ಖಾನೆಯಲ್ಲಿ ಇಡಬೇಕು, ಎಲ್ಲಿ ಹುಡುಕಬೇಕು ಎನ್ನುವುದೆಲ್ಲ ಆ ಸಂಖ್ಯೆಯಿಂದಲೇ. ತೂಕ ಬದಲಾದರೆ ಸಂಖ್ಯೆಯೂ ಬದಲಾಗಿ, ಒಂದು ಖಾನೆಯಲ್ಲಿಟ್ಟದ್ದನ್ನು ಇನ್ನೊಂದರಲ್ಲಿ ತಡಕಾಡುತ್ತಿತ್ತು. ಸರಿ, ಒಂದೇ ಲಾಟು ಹೌದೋ ಎಂದು ನೋಡುವಾಗಲೂ, ಹ್ಯಾಶ್ ಮಾಡುವಾಗಲೂ ನಂಬರು ಮತ್ತು ತಾರೀಖನ್ನು ಮಾತ್ರ ಹಿಡಿಯುವಂತೆ ಅವಳು ಅಲ್ಲೇ ತಿದ್ದಿದಳು. ಮೇಲುಗಡೆ 'ದಯವಿಟ್ಟು ಇದನ್ನು ಯಾರೂ ಮುಟ್ಟಬೇಡಿ' ಎಂದೂ ಬರೆದಳು. ಲಾಟು ಸಿಕ್ಕಿತು.

ಆದರೆ ಕೆಲಸ ಮುಗಿಯಿತು ಎಂದರೆ ಇನ್ನೊಂದು ಚಿಕ್ಕದು ಸೇರಿಸಮ್ಮ ಎನ್ನುವುದು ರಮೇಶ್‌ಬಾಬು ಅವರ ಹುಟ್ಟುಗುಣ. ಗೂಡಿನ ಬಣ್ಣವೂ ಬರಲಿ ಎಂದರು. ತನುಜ ಸಾಧನವನ್ನು ಮತ್ತೆ ಓಡಿಸಿದಳು. ಅದು ಫೈಲನ್ನು ಹೊಸದಾಗಿ ಬರೆದು, ಅವಳ ತಿದ್ದುಪಡಿಯನ್ನೂ ಆ 'ದಯವಿಟ್ಟು'ವನ್ನೂ ಒಟ್ಟಿಗೆ ನುಂಗಿ ನೀರು ಕುಡಿಯಿತು. ಮರುದಿನ ಆವುಲಪ್ಪನವರ ತಮ್ಮನ ಲಾಟು ಮಾಯ.

ತನುಜಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಲಾಟು ಹೋಲಿಸುವ, ಹ್ಯಾಶ್ ಮಾಡುವ ಆ ಎರಡು ಭಾಗಗಳನ್ನು ನೀನು ಬರೆಯಬೇಡ ಎಂದು ಸಾಧನಕ್ಕೆ ತಾಕೀತು ಮಾಡಿ, ತನ್ನ ನಂಬರು-ತಾರೀಖಿನ ನಿಯಮವನ್ನು ಅದು ಕೈಹಾಕದ ಬೇರೆ ಫೈಲಿನಲ್ಲಿಟ್ಟಳು. ಆಮೇಲೆ ಬೇಕೆಂದೇ ಸಾಧನವನ್ನು ಮತ್ತೆ ಮತ್ತೆ ಓಡಿಸಿದಳು. ನಿಯಮ ಅಲ್ಲಾಡಲಿಲ್ಲ. ವಾರದ ಕೊನೆಯವರೆಗೂ ಬಿಸಿಲು ಏರಿತು, ತೂಕ ಇಳಿಯಿತು, ಲಾಟು ಸಿಕ್ಕಿತು. ರಮೇಶ್‌ಬಾಬು ಮದುವೆ ಪತ್ರಿಕೆಗಳ ಕಟ್ಟನ್ನು ಅವಳ ಮೇಜಿನಿಂದ ತೆಗೆದು ಪಕ್ಕದ ಸುನೀಲನ ಮುಂದಿಟ್ಟರು.

ಭಾನುವಾರ ಬಾಗಿಲಲ್ಲಿ ಲಕ್ಷ್ಮಿದೇವಮ್ಮ ಅದೇ 'ನಮ್ ಹುಡುಗೀನೇ ಅಲ್ಲ' ರಾಗ ತೆಗೆದರು. ಇಷ್ಟು ದಿನ ಮುಖ ಊದಿಸಿಕೊಳ್ಳುತ್ತಿದ್ದ ಮಗಳು ಈ ಸಲ ಅವರ ಕೊರಳು ತಬ್ಬಿಕೊಂಡಳು.

"ತೂಕ ಬಿಟ್ಟು ನೋಡಮ್ಮ," ಎಂದಳು, "ನಿನ್ ಲಾಟೇ."