ಮುಯ್ಯಿಗೆ ಬಂದ ಕೊಡೆ

ಬಟವಾಡಿಯ ನಮ್ಮ ಬಾಡಿಗೆ ಮನೆಯ ಮುಂದೆ ಒಂದು ಗ್ರಿಲ್ ಬಾಗಿಲಿದೆ. ಮಗಳು ಬೆಳಿಗ್ಗೆ ಅಂತರಸನಹಳ್ಳಿಯ ಫ್ಯಾಕ್ಟರಿ ಆಫೀಸಿಗೆ ಹೊರಡುವಾಗ ಅದಕ್ಕೆ ಹೊರಗಿನಿಂದ ಬೀಗ ಹಾಕಿ, ಎಳೆದು ನೋಡಿ, ಸ್ಕೂಟರ್ ಹತ್ತುತ್ತಾಳೆ. ಒಳಗಿರುವುದು ಕಳ್ಳರು ಹೊತ್ತೊಯ್ಯುವಂಥದ್ದೇನಲ್ಲ, ನಾನು. ಇನ್ನೊಂದು ಕೀಲಿ ಮೇಲಿನ ಮನೆಯ ಓನರಮ್ಮನ ಹತ್ತಿರ ಇದೆ. "ಏನಾದ್ರೂ ಆದ್ರೆ ಅವರನ್ನ ಕೂಗಮ್ಮ" ಎಂದು ಮಗಳ ಅಪ್ಪಣೆ. ಏನೂ ಆಗದಿದ್ದಾಗ ಕೂಗಬಹುದೋ ಬಾರದೋ, ನಾನು ಕೇಳಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಬಸ್ಸು. ಹುಲಿಯೂರುದುರ್ಗದಲ್ಲಿ ನನ್ನ ತಂಗಿ ಇದ್ದಾಳೆ. ಮಂಡಿ ನೋವು, ಅವಳು ಬರಲಾರಳು, ನಾನೇ ಹೋಗಬೇಕು. ಕುಣಿಗಲ್ ಬಸ್ಸು ಹತ್ತಬೇಕಿದ್ದವಳು ಅವತ್ತು ಗುಬ್ಬಿ ಬಸ್ಸು ಹತ್ತಿದೆ. ಗುಬ್ಬಿಯಲ್ಲಿ ಬಹಳ ವರ್ಷ ಸಂಸಾರ ಮಾಡಿದವಳು, ಕಾಲಿಗೆ ಆ ದಾರಿಯೇ ರೂಢಿ. ಇಳಿದು, ಹಳೆಯ ಬೀದಿಗೆ ನಡೆದು, ನಾವಿದ್ದ ಮನೆಯ ಗೇಟು ತೆಗೆದು, ನಲ್ಲಿ ತಿರುಗಿಸಿ ಕಾಲು ತೊಳೆಯುತ್ತಿದ್ದೆ. ಒಳಗಿನಿಂದ ಗುರುತಿಲ್ಲದ ಹೆಂಗಸೊಬ್ಬಳು ಬಂದು "ಯಾರು ಬೇಕಾಗಿತ್ತಮ್ಮ?" ಎಂದಳು. ಆಗ ಎಚ್ಚರವಾಯಿತು. ಪುಣ್ಯಾತ್ಗಿತ್ತಿ, ಕೂರಿಸಿ ಮಜ್ಜಿಗೆ ಕೊಟ್ಟು ಮಗಳಿಗೆ ಫೋನ್ ಮಾಡಿದಳು. ಮಾರನೆಯ ದಿನದಿಂದ ಬೀಗ.

ಬೀಗದ ಹಿಂದೆಯೇ ಮಾತ್ರೆಯ ಡಬ್ಬಿಯೂ ಬಂತು.

"ನೆನಪಿಗೆ, ಗಮನಕ್ಕೆ ಒಳ್ಳೇದಂತೆ ಕಣಮ್ಮ. ಮನುಷ್ಯರ ಮೇಲೇ ಪರೀಕ್ಷೆ ಮಾಡವ್ರೆ, ಇಲಿ ಮೇಲಲ್ಲ" ಎಂದಳು ಮಗಳು.

"ಯಾವ ಮನುಷ್ಯರೇ?"

ಮೊಬೈಲಿನಲ್ಲಿ ಹುಡುಕಿ ಹೇಳಿದಳು: "ಕಾಲೇಜ್ ಹುಡುಗ್ರು."

"ಅವಕ್ಕೇನೇ ಮರೆವು? ಓದಿದ್ರೆ ತಾನೆ ಮರೆಯೋದು!"

"ಸುಮ್ನೆ ನುಂಗಮ್ಮ."

ಅವಳಿಗೂ ಪೂರ್ತಿ ಧೈರ್ಯವಿರಲಿಲ್ಲ, ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರು ಮುಚ್ಚುಮರೆಯಿಲ್ಲದ ಮನುಷ್ಯ. "ಕೆಲವರಿಗೆ ಸ್ವಲ್ಪ ಅನುಕೂಲ ಆಗಿದೆ, ಕೆಲವರಿಗೆ ಏನೂ ಆಗಿಲ್ಲ. ನಿಮ್ಮ ವಯಸ್ಸಿನವರ ಮೇಲೆ ಜಾಸ್ತಿ ಪರೀಕ್ಷೆ ಮಾಡಿಲ್ಲ. ತೊಗೊಳ್ಳಿ, ಅಳತೆಗೆ ಒಂದು ಟೆಸ್ಟ್ ಇಟ್ಕೊಳ್ಳೋಣ" ಎಂದರು. ಹತ್ತು ಪದ ಹೇಳಿದರು. ಕೊಡೆ, ತಕ್ಕಡಿ, ಏಣಿ, ಕನ್ನಡಿ, ಹೀಗೆ. ಆಮೇಲೆ ಊರು, ತೋಟ, ಮಳೆ ಎಂದು ಮಾತಿಗೆಳೆದು, ಇದ್ದಕ್ಕಿದ್ದ ಹಾಗೆ "ಈಗ ಆ ಪದಗಳನ್ನ ಹೇಳಿ" ಎಂದರು. ಅರ್ಧ ಜಾರಿಹೋಗಿದ್ದವು.

ಮಗಳು ಅಲ್ಲೇ ತೀರ್ಪು ಕೊಟ್ಟಳು. "ಹತ್ತೂ ತಪ್ಪಿಲ್ದೆ ಹೇಳು, ಅವತ್ತೇ ಕೀಲಿ ನಿನ್ ಕೈಗೆ. ತಂಗಿ ಮನೆಗೆ ನೀನೊಬ್ಳೇ ಹೋಗಿ ಬಾ."

ಮಾತ್ರೆ ನುಂಗತೊಡಗಿದ ಮೇಲೆ ಮಧ್ಯಾಹ್ನದ ನಿದ್ದೆ ಬಿಟ್ಟುಹೋಯಿತು. ಗಮನವೇನೋ ಬಂತು, ಇಡುವುದಕ್ಕೆ ಜಾಗ ಇರಲಿಲ್ಲ. ನಲ್ಲಿಯ ಹನಿ, ಹೈವೇಯ ಲಾರಿ ಹಾರ್ನು, ಗ್ರಿಲ್ಲಿನ ನೆರಳು ನೆಲದ ಮೇಲೆ ಸರಿಯುವುದು, ಎಲ್ಲಕ್ಕೂ ಮನಸ್ಸು ಅಂಟಿಕೊಳ್ಳುತ್ತಿತ್ತು. ಅದು ಮಾತ್ರೆಯ ಗುಣವೋ ಬೀಗದ ಗುಣವೋ ಹೇಳಲಾರೆ.

ಹಾಗೆ ಕೂತಾಗ ಅಜ್ಜಿ ನೆನಪಾದಳು. ಅವಳಿಗೆ ಓದು ಬರಹ ಇರಲಿಲ್ಲ. ಆದರೆ ಮದುವೆಗಳಲ್ಲಿ ಯಾರು ಯಾರಿಗೆ ಏನು ಉಡುಗೊರೆ ಕೊಟ್ಟು ಮುಯ್ಯಿ ಮಾಡಿದರು, ಯಾರಿಗೆ ಏನು ವಾಪಸ್ಸು ಮಾಡಬೇಕು ಎಂಬುದೆಲ್ಲ ಬಾಯಲ್ಲಿತ್ತು. "ಸಾಮಾನನ್ನ ನೆನಪಿಟ್ಕೋಬೇಡ ಕಣೇ, ಕೊಟ್ಟೋರ ಮುಖ ನೆನಪಿಟ್ಕೊ. ಮುಖ ಬಂದ್ರೆ ಹಿಂದೆ ಸಾಮಾನು ಬರ್ತದೆ" ಎನ್ನುತ್ತಿದ್ದಳು. ಇನ್ನೊಂದೂ ಹೇಳುತ್ತಿದ್ದಳು: "ತೀರಿಸಿದ ಮುಯ್ಯಿನ ಮನಸಿಂದ ಇಳಿಸಿಬುಡು. ಇಲ್ದಿದ್ರೆ ಎರಡು ಸಲ ತೀರಿಸ್ತೀಯ."

ಡಾಕ್ಟರ ಪದಗಳು ಯಾಕೆ ನಿಲ್ಲಲಿಲ್ಲ ಎಂದು ಆಗ ಹೊಳೆಯಿತು. ಅವುಗಳಿಗೆ ಕೊಟ್ಟವರೇ ಇರಲಿಲ್ಲ. ಮುಂದಿನ ಸಲ ಅದೇ ಹತ್ತು ಪದ ಹೇಳಿದಾಗ ಒಂದೊಂದನ್ನೂ ನನ್ನ ಮದುವೆ ಚಪ್ಪರಕ್ಕೆ ಕರೆತಂದೆ. ಸಂತೆ ವ್ಯಾಪಾರದ ಭಾವ ತಕ್ಕಡಿ ತಂದ. ತೆಂಗಿನ ತೋಟದ ಸೋದರಮಾವ ಏಣಿ. ಸಿಂಗಾರದ ಅತ್ತಿಗೆ ಕನ್ನಡಿ. ಬಿಸಿಲೆಂದರೆ ಆಗದ ದೊಡ್ಡಮ್ಮ ಕೊಡೆ. ಕೇಳಿದಾಗ ಸಾಲಾಗಿ ಬಂದರು, ಸಾಲಾಗಿ ಒಪ್ಪಿಸಿದೆ. ಮಗಳ ಮುಖ ಅರಳಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹತ್ತೂ ಬಂತು. ಆದ್ರೆ ಬೋಗುಣಿ, ರೇಷ್ಮೆ ಸೀರೆ ಅಂದ್ರಲ್ಲ, ಅವು ಯಾವಾಗ ಹೇಳ್ದೆ ನಾನು?"

"ಅವು ನಾನು ವಾಪಸ್ಸು ಮಾಡಿದ್ದು. ಬೋಗುಣಿ ಭಾವನ ಮಗಳ ಮದುವೇಲಿ, ಸೀರೆ ಅತ್ತಿಗೆಗೆ."

ಅವರು ಮಗಳ ಕಡೆ ತಿರುಗಿದರು. "ಮರೆಯೋದು ಬೇರೆ, ಇಲ್ಲದ್ದು ಸೇರಿಸೋದು ಬೇರೆ. ಇನ್ನೂ ಸ್ವಲ್ಪ ದಿನ ನೋಡೋಣ."

ನಾನು ವಿವರಿಸಲು ಹೋದೆ. ಭಾವ, ಚಪ್ಪರ, ತಕ್ಕಡಿ ಎಂದಷ್ಟೂ ಮಾತು ಗುಬ್ಬಿ ಬಸ್ಸು ಹತ್ತಿದಂತೆಯೇ ಕೇಳಿಸುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಮನೆಗೆ ಬಂದ ಮೇಲೆ ಮಗಳಿಗೆ ಅಜ್ಜಿಯ ಮಾತೂ ಸೇರಿಸಿ ಎಲ್ಲ ಬಿಡಿಸಿ ಹೇಳಿದೆ. ಅವಳು ನಕ್ಕಳು, ನಂಬಿದಳು ಕೂಡ. "ಆದ್ರೂ ಡಾಕ್ಟ್ರು ಹೇಳವ್ರಲ್ಲಮ್ಮ" ಎಂದಳು. ಕೀಲಿ ಅವಳ ಬ್ಯಾಗಿನಲ್ಲೇ ಉಳಿಯಿತು.

ಆಮೇಲೊಂದು ಭಾನುವಾರ ತಂಗಿ ಫೋನ್ ಮಾಡಿದಳು. "ಅಕ್ಕ, ದೊಡ್ಡಮ್ಮನ ಮರಿಮೊಮ್ಮಗಳ ಮದುವೆ, ನಮ್ಮೂರಲ್ಲೇ. ನಿನ್ ಮದುವೇಲಿ ದೊಡ್ಡಮ್ಮ ಮಾಡಿದ್ ಮುಯ್ಯಿ ಇನ್ನೂ ತೀರಿಲ್ಲ. ಏನದು, ಗ್ಯಾಪ್ಕ ಐತಾ?"

"ಕೊಡೆ" ಎಂದೆ, ಒಂದಿಷ್ಟೂ ತಡವರಿಸದೆ.

"ಕೊಡೆನಾ! ಮದುವೇಲಿ ಯಾರೇ ಕೊಡೆ ಕೊಡ್ತಾರೆ? ಹಿತ್ತಾಳೆ ಕೊಳಗ ಕಣಕ್ಕ, ನಾನೇ ಹೊತ್ಕೊಂಡೋಗಿ ಒಳಗಿಟ್ಟಿದ್ದು!"

ಫೋನು ಸ್ಪೀಕರಿನಲ್ಲಿತ್ತು. ಚಪಾತಿ ಲಟ್ಟಿಸುತ್ತಿದ್ದ ಮಗಳ ಕೈ ನಿಂತಿತು. ನಾನು ಕೊಳಗವನ್ನು ಮನಸ್ಸಿನಲ್ಲಿ ಹುಡುಕಿದೆ. ಅದಿರಬೇಕಾದ ಕಡೆ ದೊಡ್ಡಮ್ಮ ನಿಂತಿದ್ದಳು, ಕೈಯಲ್ಲಿ ಕಪ್ಪು ಕೊಡೆ, ಬಾಗಿದ ಹಿಡಿ. ನಾನೇ ಕೊಡಿಸಿದ್ದು, ನನಗೇ ಕಿತ್ತುಕೊಳ್ಳಲಾಗಲಿಲ್ಲ. ಭಾವನೂ ಅತ್ತಿಗೆಯೂ ನಿಜಕ್ಕೂ ಏನು ತಂದಿದ್ದರೋ ನೋಡಲು ಹೆದರಿಕೆಯಾಯಿತು.

ಮಾರನೆಯ ಸಂಜೆ ಮಗಳು ಸ್ಕೂಟರಿನಲ್ಲಿ ಒಂದು ಹಿತ್ತಾಳೆ ಕೊಳಗ, ಒಂದು ಕೊಡೆ ತಂದಳು. "ಎರಡೂ ಮಾಡ್ಬಿಡಮ್ಮ. ಯಾವ್ದು ನಿಜವೋ ಅದು ತೀರ್ಲಿ."

ರಜೆ ಹಾಕಿ ಅವಳೇ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ನನ್ನನ್ನು ಕಿಟಕಿ ಕಡೆ ಕೂರಿಸಿ ತಾನು ಅಡ್ಡ ಕೂತಳು. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸುವಾಗ ನನ್ನ ಮಣಿಕಟ್ಟು ಹಿಡಿದಿದ್ದಳು. ಹೂ ಕೊಳ್ಳುವಾಗಲೂ ಬಿಡಲಿಲ್ಲ. ಮದುವೆ ಮನೆಯವರು "ಕೊಡೆ ಯಾಕವ್ವ?" ಎಂದು ನಕ್ಕರು. ಮಗಳೇ "ಬಿಸಿಲು ಜಾಸ್ತಿ ಅಲ್ವಾ" ಎಂದು ತೇಲಿಸಿದಳು. ಪಕ್ಕದಲ್ಲಿ ಕೂತ ತಂಗಿ ನನ್ನ ಬೆನ್ನು ಸವರುತ್ತಲೇ ಇದ್ದಳು.

ವಾಪಸ್ಸು ಬಂದ ವಾರ ಮತ್ತೆ ಕ್ಲಿನಿಕ್ಕು, ಅದೇ ಹತ್ತು ಪದ. ಈ ಸಲ ಹೊರಗಿನದೊಂದನ್ನೂ ಸೇರಿಸದೆ, ಬರೀ ಅವರು ಹೇಳಿದ್ದನ್ನೇ ಒಪ್ಪಿಸಿದೆ. ಡಾಕ್ಟರು ತಲೆಯಾಡಿಸಿದರು. "ಪರವಾಗಿಲ್ಲ, ಚೆನ್ನಾಗಿದೆ. ಒಂದು ಬಿಟ್ಟಿರಿ. ಮೊದಲನೇದು."

ನಾನು ಹುಡುಕಿದೆ. ಚಪ್ಪರದಲ್ಲಿ ದೊಡ್ಡಮ್ಮ ಬರಿಗೈಯಲ್ಲಿ ನಿಂತಿದ್ದಳು. ಪಕ್ಕದ ಕುರ್ಚಿಯಲ್ಲಿ ಮಗಳ ತುಟಿ ಅಲುಗಿತು.

ಮನೆಗೆ ಬಂದು ನನ್ನನ್ನು ಒಳಗೆ ಬಿಟ್ಟು ಗ್ರಿಲ್ ಎಳೆಯುತ್ತ ಕೇಳಿದಳು: "ಕೊಡೆ ಮುಯ್ಯಿ ತೀರೋಗಿತ್ತು, ಅಲ್ವಾಮ್ಮ? ಅದಕ್ಕೇ ಮನಸಿಂದ ಇಳಿಸಿಬಿಟ್ಟಿದ್ದೆ ತಾನೆ?"

"ಹೂಂ ಕಣೇ" ಎಂದೆ. ಅವಳಿಗೆ ಆ ಉತ್ತರ ಬೇಕಾಗಿತ್ತು, ನನಗೂ. ಇಳಿಸಿದೆನೋ ಮರೆತೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಬೀಗ ಒತ್ತಿ, ಎಳೆದು ನೋಡಿ, ಆಫೀಸಿಗೆ ಹೊತ್ತಾಯಿತೆಂದು ಸ್ಕೂಟರ್ ಹತ್ತಿದಳು.